ಕಕ್ಕಡಕ್ಕೆ ಮುಂಚೆ ಹೇಳಿದ ಕಥೆ

ಮೇ ತಿಂಗಳ ಕೊನೆಯ ಭಾನುವಾರ
ಚೆಟ್ಟಳ್ಳಿಯ ಲೈನುಮನೆ ಹಿಂದೆ
ಸೌದೆ ಒಟ್ಟುತ್ತಿದ್ದೆವು, ನಾನೂ ಚೋಮಿಯೂ.
ಕಪಾತಿನ ಕಾಫಿಕಡ್ಡಿ ಅಡಿಗೆ, ಸಿಲ್ವರ್ ಸೀಳು ಮೇಲೆ,
ಅದರ ಮೇಲೆ ಹರಿದ ಗೊಬ್ಬರದ ಚೀಲ.
ಒಳಗಿನದೆಲ್ಲ ಆಗಲೇ ಆಗಿತ್ತು:
ಕೆಮ್ಮಣ್ಣು ಮೆತ್ತಿದ ಹಲಸಿನ ಬೀಜ ಮೂಲೆಗೆ,
ಬೆಂಕಿಪೊಟ್ಟಣ ಅಕ್ಕಿಡಬ್ಬಿಯ ಹೊಟ್ಟೆಗೆ,
ಬೆಲ್ಲ, ಚೋಮಿಗೆ ಎಟುಕದ ಹಲಗೆಗೆ.

ಹಾಲುವಾಣದ ಮೇಲೆ ಜೀರುಂಡೆ
ಗರಗಸ ಹಿಡಿದು ಬಿಸಿಲನ್ನೇ ಕುಯ್ಯುತ್ತಿತ್ತು.

ಎರಡು ಕಡ್ಡಿ ತಂದರೆ ಮೂರು ಸಲ ಕೂರುತ್ತಾಳೆ ಇವಳು.
ಅದಕ್ಕೇ ಕಥೆ ತೆಗೆದೆ.
ಒಂದಿತ್ತಂತೆ ಇರುವೆ, ಒಂದಿತ್ತಂತೆ ಜೀರುಂಡೆ.
ಇರುವೆ ಹೊತ್ತಿತು. ಜೀರುಂಡೆ ಹಾಡಿತು.
ಮಳೆ ಹಿಡಿಯಿತು. ಹಸಿದ ಜೀರುಂಡೆ ಬಂದು ಕದ ತಟ್ಟಿತು.
"ಯಾರದು?" ಅಂತ ಕೂಗಿ, ದನಿ ಗುರುತು ಹಿಡಿದು,
ಒಳಗಿಂದ ಅಗುಳಿ ಹಾಕಿಕೊಂಡಿತು ಇರುವೆ.
"ಮುಂದಾಲೋಚನೆ ಅಂದರೆ ಅದು," ಅಂದೆ.

"ಆಮೇಲೆ?"
"ಆಮೇಲೇನು, ಕಡ್ಡಿ ತಾ."
ನೋಡಿದಳು ನನ್ನನ್ನು,
ಐದು ನಿಮಿಷ ತಡವಾದದ್ದಕ್ಕೆ
ರೈಟರು ಹಾಜರಿ ಪುಸ್ತಕ ಮುಚ್ಚಿದಾಗ
ನಾವು ಅವರನ್ನು ನೋಡುವ ಹಾಗೆ.

*

ಕಕ್ಕಡ ಹದಿನೆಂಟು.
ಹತ್ತು ದಿನವಾಯಿತು ಬಟ್ಟೆ ಒಣಗಿ,
ಕರೆಂಟು ಯಾವ ಕಂಬದಲ್ಲಿ ಸತ್ತಿದೆಯೋ.
ಬೇಲಿಯಂಚಿನ ಮದ್ದುಸೊಪ್ಪು ಕೊಯ್ದು ಕುದಿಸಿದೆ,
ನೀರು ನೇರಳೆಗೆ ತಿರುಗಿತು, ಮನೆಯೆಲ್ಲ ಅದರದೇ ಘಮ.
ಹಲಗೆಯಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದರೆ
ಬೆಲ್ಲ ಓಡಾಡುತ್ತಿದೆ!
ಮೊಟ್ಟೆ ಮರಿ ಸಮೇತ ಒಕ್ಕಲು ಬಂದಿವೆ ಇರುವೆಗಳು,
ಕಾಸು ಬಾಡಿಗೆಯಿಲ್ಲದೆ.

"ಮುಂದಾಲೋಚನೆ, ಅವ್ವಾ," ಅಂದಳು ಚೋಮಿ.

ಬಿಸಿಲಿಗಿಟ್ಟರೆ ಹೊರಡುತ್ತವೆ. ಬಿಸಿಲೆಲ್ಲಿ?
ಒಲೆಯಾದರೂ ಕಾಯಿಸಲಿ ಅಂತ ಸೌದೆ ಎಳೆದೆ.
ಸಿಲ್ವರ್ ಸೀಳಿನ ತೊಗಟೆಗೆ
ಆರೂ ಕಾಲು ಊರಿ ಕೂತಿತ್ತು ಜೀರುಂಡೆಯ ಪೊರೆ.
ಬೆನ್ನು ಸೀಳಿದೆ. ಒಳಗೆ ಯಾರೂ ಇಲ್ಲ.
ಆ ಮುಂಗಾಲು ಮಾತ್ರ
ನನಗೆ ಗೊತ್ತಿರುವ ಕೈ.

ಹೋದ ವರ್ಷ ಸಸಿಗುಂಡಿ ತೋಡುವಾಗ
ಒಂದೂವರೆ ಅಡಿ ಕೆಳಗೆ ಸಿಕ್ಕಿತ್ತು,
ಬೇರಿಗೆ ಬಾಯಿಟ್ಟುಕೊಂಡು, ಮೈಯೆಲ್ಲ ಮಣ್ಣು,
ಗುದ್ದಲಿಯ ಮರಿಯಂಥ ಎರಡು ಕೈ.
"ವರ್ಷಗಟ್ಟಲೆ ಒಳಗೇ ತೋಡಿಕೊಂಡಿರ್ತದೆ,
ರೆಕ್ಕೆ ಬಂದು ಹಾಡೋದೇ ಜೀರುಂಡೆ,"
ಅಂದಿದ್ದ ಪಕ್ಕದ ಗುಂಡಿಯೊಳಗಿಂದ ಮಾರ,
ತಲೆ ಮಾತ್ರ ಕಾಣುವಂತೆ ನಿಂತು.
ನಮಗೆ ಗುಂಡಿಗಿಷ್ಟು ಅಂತ ಕೂಲಿ.
ಅದಕ್ಕೆ, ಎಲ್ಲ ಸೇರಿಸಿ,
ಮೂರು ವಾರ ಬಿಸಿಲು.

ಪೊರೆ ಬಿಡಿಸಿ ಕಿಟಕಿಯಲ್ಲಿಟ್ಟೆ.
ಸೀಳು ಒಲೆಗೆ ಹೋಯಿತು.
ಒಂದು ಹನಿ ತಾಗಿರಲಿಲ್ಲ ಅದಕ್ಕೆ,
ನಾವು ಒಟ್ಟಿದ ಮೇ ತಿಂಗಳು ಚಟಚಟ ಉರಿಯಿತು.

ಪಾಯಸ ಉಂಡು, ನಾಳೆ ಉಚ್ಚೆ ಕೆಂಪಾಗುವುದನ್ನು ನೆನೆದು
ಈಗಲೇ ನಕ್ಕು ಮುಗಿಸಿ, ಚೋಮಿ ಕೇಳಿದಳು,
"ಆ ಕಥೆ ಇನ್ನೊಂದು ಸಲ."

ಒಂದಿತ್ತಂತೆ ಇರುವೆ, ಒಂದಿತ್ತಂತೆ ಜೀರುಂಡೆ.
ಇರುವೆ ಹೊತ್ತಿತು. ಜೀರುಂಡೆ...
ತೋಡಿತು, ಅಂದೆ. ತೋಡಿತು, ತೋಡಿತು, ಆಮೇಲೆ ಹಾಡಿತು.
"ಕದ ತಟ್ಟಿದ್ದು?"
"ತಟ್ಟಲೇ ಇಲ್ಲ. ಮಳೆ ಬರುವಷ್ಟರಲ್ಲಿ
ಅದರ ಲೆಕ್ಕ ಮುಗಿದಿತ್ತು."
"ಹೋದ ಸಲ ಹೀಗಿರಲಿಲ್ಲ."
"ಹೋದ ಸಲ ಸೌದೆ ಒಟ್ಟುವುದಿತ್ತು."

ಬಟ್ಟಲು ನೆಕ್ಕಿದಳು.
ಅಂಚಿನಲ್ಲಿ ದಿಕ್ಕು ತಪ್ಪಿದ ಒಂದು ಇರುವೆ.
ಬೆರಳ ತುದಿಗೆ ಹತ್ತಿಸಿಕೊಂಡು, ಉಸಿರು ಬಿಗಿಹಿಡಿದು,
ಕಿಟಕಿಯವರೆಗೆ ನಡೆದು
ಸೀಳಿದ ಬೆನ್ನಿನೊಳಕ್ಕೆ ಇಳಿಸಿದಳು.

"ಮಳೆ ನಿಲ್ಲೋವರೆಗೆ ಇಲ್ಲೇ ಇರಲಿ," ಅಂದಳು.
"ಇದಕ್ಕೆ ಕದ ಇಲ್ಲ."