ಷರಾ

ಅಬಕಾರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ.
ನಾನು ಮೂಸಿ ನೋಡದ ಪೀಪಾಯಿ ಇಲ್ಲ,
ಕುಡಿದು ನೋಡಿದ್ದೂ ಇಲ್ಲ.
ಎದೆಯ ಮೇಲೆ ಲಿಂಗ, ಕಂಕುಳಲ್ಲಿ ದಫ್ತರ,
ಜೇಬಿನಲ್ಲಿ ಕಡಕು ಅಳೆಯುವ ಗಾಜಿನ ಕೊಳವೆ.

ಗಾಜನೂರು ದಾಟಿ, ಹಿನ್ನೀರನ್ನು ಪಕ್ಕಕ್ಕೆ ಬಿಟ್ಟು
ಏರಿದರೆ ಜಂಬಿಟ್ಟಿಗೆಯ ಒಂದು ದಿಬ್ಬ.
ಅದರ ಬೆನ್ನಿಗೆ ಹದಿನೇಳು ಸಾಲು ದ್ರಾಕ್ಷಿ.
ಇಪ್ಪತ್ತೆರಡು ಗುಂಟೆ. ಪಹಣಿಯಲ್ಲಿ ಖುಷ್ಕಿ.
ಎಟಿಯೆನ್ ಎಂಬ ಫ್ರೆಂಚ್ ಪಾದ್ರಿ
ತನ್ನೂರ ಹೊಳೆದಂಡೆಯ ಪುಟ್ಟ ತೋಟದಿಂದ
ಏಳು ಕಡ್ಡಿಗಳನ್ನು ಒದ್ದೆ ಕಾಲುಚೀಲಕ್ಕೆ ತುರುಕಿ
ಹಡಗಿನಲ್ಲಿ ತಂದನಂತೆ.
ಊರ ನಾಲಿಗೆಗೆ ಆ ಹೆಸರು ಹತ್ತದೆ
ಎಟ್ಟಣ್ಣನಾದ.
ಎಟ್ಟಣ್ಣ ಮಣ್ಣಾದ ಮೇಲೆ
ಅವನ ಅಡುಗೆಯವನ ಮಗಳು, ಅಪೊಲಿನ್ ಬಾಯಿ,
ಕತ್ತರಿ ಹಿಡಿದಳು.

ಪರವಾನಗಿ: ಬಲಿಪೂಜೆಯ ದ್ರಾಕ್ಷಾರಸ,
ವರ್ಷಕ್ಕೆ ಇನ್ನೂರು ಲೀಟರು ಮೀರಕೂಡದು.
ಮೀರುವುದಿರಲಿ, ಮಳೆ ಬಿಟ್ಟರೆ ತಾನೆ?
ಅಲ್ಲಿಯ ಬಳ್ಳಿಗೆ ಇಲ್ಲಿಯ ಆಷಾಢ ತಿಳಿಯದು.
ಎಲೆಗೆಲ್ಲ ಬೂದಿ ಹಿಡಿದ ವರ್ಷ
‘ವಿಭೂತಿ ಬಳಿದುಕೊಂಡು ನಿಮ್ಮ ಮತಕ್ಕೆ ಸೇರಿದೆ
ನೋಡಿ ಸರ್ಕಾರ’ ಎಂದು ನಕ್ಕಳು.
ಸರ್ಕಾರ ಅಂದರೆ ನಾನು.

ಎಟ್ಟಣ್ಣನ ಊರಲ್ಲಿ ಸೆಪ್ಟೆಂಬರಿಗೆ ಕೊಯ್ಲಂತೆ,
ಇಲ್ಲಿ ಶಿವರಾತ್ರಿ ಕಳೆದು.
ಪಿಕಳಾರಗಳ ವಸೂಲಿ ಮೊದಲು,
ಆಮೇಲೆ ನನ್ನದು.
ಕಲ್ಲುಬಾನಿಯೊಳಗೆ ನಾಲ್ಕು ಹೆಂಗಸರು
ಸೀರೆ ಎತ್ತಿ ಕಟ್ಟಿ ತುಳಿಯುವರು;
ಕಾಲುಂಗುರ ಬಿಚ್ಚಲೊಲ್ಲದ ದ್ಯಾವಮ್ಮ
ಬೆರಳಿಗೆ ಬಟ್ಟೆ ಸುತ್ತಿಕೊಂಡು.
ನಾನು ಹಲಸಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು
ಬೇರೆ ಕಡೆ ನೋಡುತ್ತ
ಲೀಟರು ಎಣಿಸುತ್ತಿದ್ದೆ.

ದಫ್ತರದಲ್ಲಿ ನಾಲ್ಕು ಕಾಲಂ:
ಪ್ರಮಾಣ, ಶಕ್ತಿ, ಬಣ್ಣ, ಷರಾ.
ಷರಾದಲ್ಲಿ ಪ್ರತಿ ವರ್ಷ ‘ಏನೂ ಇಲ್ಲ’.
ಒಮ್ಮೆ ಮಾತ್ರ, ಪೀಪಾಯಿಯ ಬಾಯಿ ತೆರೆದಾಗ,
ನನ್ನ ಅವ್ವನ ಕಬ್ಬಿಣದ ಟ್ರಂಕು ತೆರೆದ ಹಾಗಾಯಿತು.
ತುಕ್ಕು, ನೇರಳೆ ಸಿಪ್ಪೆ, ಮಡಿಸಿಟ್ಟ ಇಳಕಲ್ಲು ಸೀರೆ.
‘ಅವ್ವನ’ ಎಂದು ಬರೆದುಬಿಟ್ಟಿದ್ದೆ.
ಹೊಡೆದು ಹಾಕಿ ಚಿಕ್ಕ ಸಹಿ ಮಾಡಿದೆ.
ಮೇಲಿನವರು ಕೇಳಿದರು: ತಿದ್ದುಪಡಿಗೆ ಕಾರಣವೇನು?
ಉತ್ತರಿಸಿದೆ: ಶಾಯಿ ಚೆಲ್ಲಿತ್ತು.

ನಿವೃತ್ತಿಯ ದಿನ ಒಂದು ಸೀಸೆ ಕೊಟ್ಟಳು,
ಲೇಬಲ್ಲಿಲ್ಲ, ಮೇಣದ ಮೊಹರು.
‘ಮಲಗಿಸಿ ಇಡಿ ಸರ್ಕಾರ,
ನಿಲ್ಲಿಸಿದರೆ ಬಿರಡೆ ಒಣಗುತ್ತದೆ.’
ನಾನೋ, ಕಾನೂನಿನವ.
ಇಲಾಖೆ ಕೊಟ್ಟ ಗೋಡೆ ಗಡಿಯಾರದ ಡಬ್ಬದ ಪಕ್ಕ
ನೆಟ್ಟಗೆ ನಿಲ್ಲಿಸಿದೆ.

ಒಂಬತ್ತು ವರ್ಷ.
ನಡುವೆ ಎರಡು ಮಳೆಗಾಲ ಬೇರನ್ನೇ ಕೊಳೆಸಿದವು.
ಅಪೊಲಿನ್ ಬಾಯಿ ಉಳಿದ ಮೂರು ಸಾಲಿಗೆ
ತಗಡು ಹೊದಿಸಿದಳೆಂದು ಕೇಳಿದೆ.
ಆಮೇಲೆ ಕೇಳಲಿಲ್ಲ.
ನನ್ನ ಕುರ್ಚಿಗೆ ಬಂದ ಹುಡುಗ
ಪೇಟೆಯಲ್ಲಿ ಸಿಕ್ಕಾಗ ಹೇಳಿದ:
ಆ ಫೈಲು ಮುಗಿಸಿದೆವು ಸಾರ್, ಉತ್ಪಾದನೆ ಶೂನ್ಯ.

ಆ ಸಂಜೆ ಬಾಗಿಲು ಹಾಕಿ, ಮೊಹರು ಒಡೆದೆ.
ಬಿರಡೆ ಪುಡಿಪುಡಿಯಾಗಿ ಒಳಗೇ ಬಿತ್ತು.
ನೀಲಗಂಗಮ್ಮ ಅಡುಗೆಮನೆಯಿಂದಲೇ ಮೂಗೇರಿಸಿ ಬಂದಳು,
ಬೈಯುತ್ತಾಳೆಂದುಕೊಂಡೆ.
‘ಹುಳಿಯಾಗಿದೆ,’ ಅಂದಳು, ‘ಚೆಲ್ಲಬೇಡಿ, ತನ್ನಿ.’
ಸೋಸಿ, ಹೆಚ್ಚಿದ ಈರುಳ್ಳಿಗೆ ಸುರಿದಳು,
ಉಪ್ಪು, ಎರಡು ಹಸಿಮೆಣಸು.

ರೊಟ್ಟಿಯ ಜೊತೆ ತಿಂದೆ.
ಕೊಳವೆ ಇಳಿಬಿಡಲಿಲ್ಲ.
ಕಣ್ಣಲ್ಲಿ ನೀರು; ಮೆಣಸಿನಕಾಯಿ ಖಾರವಿತ್ತು.

ಹಳೆಯ ದಫ್ತರದಲ್ಲಿ ಒಂದು ಖಾಲಿ ಸಾಲು ಉಳಿದಿತ್ತು.
ಪ್ರಮಾಣ: ಒಂದು ಬಟ್ಟಲು.
ಶಕ್ತಿ: ಅಳೆದಿಲ್ಲ.
ಬಣ್ಣ: ಕೆಂಪು.
ಷರಾ: ಈರುಳ್ಳಿಗೂ ಹತ್ತಿದೆ.