ಬಾಯ್ಲರ್ ನಂಬರ್ ನಾಲ್ಕು

ಮಂಡಕ್ಕಿ ಭಟ್ಟಿಯ ಬುಡೇನಜ್ಜ
ಒಂಬತ್ತು ವರ್ಷ ಸಮುದ್ರದ ಮೇಲಿದ್ದ.
ಸಮುದ್ರ ನೋಡಿದ್ದು ಮಾತ್ರ, ಅವನೇ ಹೇಳುವಂತೆ,
ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ.
ಉಳಿದದ್ದೆಲ್ಲ ಕಲ್ಲಿದ್ದಲು.

"ಕ್ಲೆಮೆಂಟೀನಾ ಅಂತ ಹಡಗಿನ ಹೆಸರು. ನಾವು ಕಲ್ಮಂಟಿ ಅಂತಿದ್ವಿ.
ಮೊದಲು ಬಿಳೀ ಬಣ್ಣ. ಮ್ಯಾಲೆ ಪಿಯಾನೊ, ದೊರೆಸಾನೇರ ಕುಣಿತ,
ಗಾಳಿ ಕೊಳವ್ಯಾಗ ಟಕಟಕ ಇಳಿದು ಬರೋದು.
ಯುದ್ಧ ಬಂತು, ಬೂದಿ ಬಣ್ಣ ಬಳಿದ್ರು.
ಟಕಟಕ ನಿಂತು ಬೂಟು ಶುರುವಾತು."

ಐನೂರು ಜನರ ಹಡಗಿಗೆ ಮೂರು ಸಾವಿರ ಸಿಪಾಯಿಗಳು,
ಪಿಯಾನೊ ಇದ್ದ ಕಡೆ ಸಾಲು ಸಾಲು ಜೋಲಿ.
ಬಸ್ರಾಕ್ಕೋ ಸೂಯೆಜ್‌ಗೋ
ತಳದಲ್ಲಿದ್ದವರಿಗೆ ಯಾರು ಹೇಳುತ್ತಾರೆ?
ಗೋಡೆಯ ಕಬ್ಬಿಣ ಮುಟ್ಟಿ ತಿಳಿಯುತ್ತಿದ್ದನಂತೆ,
ನೀರು ಯಾವುದೆಂದು.
ಹೋಗುವಾಗ ಬೂಟಿನ ಸದ್ದು.
ಬರುವಾಗ ನಡುನಡುವೆ ಊರುಗೋಲು.
ಎಣಿಸುತ್ತಿದ್ದೆಯಾ ಅಜ್ಜಾ ಎಂದರೆ
"ಸಲಿಕೆ ಎಣಿಸ್ತಿದ್ದೆ" ಅಂದ.

ಸಿಪಾಯಿಗೆ ಪದಕವಿತ್ತು, ಪಿಂಚಣಿಯಿತ್ತು.
ಇವನು ಕೆಮ್ಮು ತಗೊಂಡು ದಾವಣಗೆರೆಗೆ ಬಂದ,
ಬಂದವನೇ ಮತ್ತೊಂದು ಬೆಂಕಿಯ ಮುಂದೆ ಕೂತ.
ನಮ್ಮ ಭಟ್ಟಿಗೆ ಇದ್ದದ್ದು ಒಂದೇ ಒಲೆ.
ಅದನ್ನವನು ನಂಬರ್ ನಾಲ್ಕು ಅನ್ನುತ್ತಿದ್ದ.

ನಾನು ಹೊಟ್ಟು ಹೊರುವ ಹುಡುಗ, ಹನ್ನೆರಡೋ ಹದಿಮೂರೋ.
"ತುರುಕಬ್ಯಾಡಲೇ, ಹರಡು.
ಬೆಂಕಿಗೂ ಉಸಿರಾಡಾಕ ಜಾಗ ಬೇಕು."
ಕಾದ ಮರಳಿಗೆ ಅಕ್ಕಿ ಸುರಿದರೆ
ಚಟಪಟ ಚಟಪಟ,
ಬಾಣಲೆಯ ತುಂಬ ಬೆಳ್ಳಗೆ ಉಕ್ಕುತ್ತಿತ್ತು.
ಅಲೆ ಹೀಗೇನಾ ಅಂತ ಕೇಳಿದ್ದೆ ಒಮ್ಮೆ.
"ನಂಗೇನು ಗೊತ್ತು" ಅಂದ.

ಪೊಟ್ಟಣ ಕಟ್ಟುವ ರದ್ದಿಯಲ್ಲಿ ಒಂದು ದಿನ
ಫೋಟೋ ಸಿಕ್ಕಿತು: ಬೊಂಬಾಯಿಯ ಕೆಸರಲ್ಲಿ
ಮೂತಿ ಕೊಯ್ಸಿಕೊಂಡು ನಿಂತ ಹಡಗು.
ಕೆಳಗಿನ ಸಾಲು ಓದಿ ಹೇಳಿದೆ:
ಕ್ಲೆಮೆಂಟೀನಾ. ಯುದ್ಧದಲ್ಲಿ ಸೈನಿಕರನ್ನು,
ಆಮೇಲೆ ಹಜ್‌ಗೆ ಹೋಗುವವರನ್ನು,
ಕೊನೆಕೊನೆಗೆ ಬರೀ ಗೋಧಿ ಹೊತ್ತದ್ದು.
ಈಗ ಗುಜರಿಗೆ.

ಅಜ್ಜ ಹಾಳೆಯನ್ನು ದೂರ ಹಿಡಿದ, ಹತ್ತಿರ ತಂದ.
"ಹಿಂಗಿತ್ತೇನು ಅದು?"
ತಿರುಗಿಸಿದ. ಹಿಂಬದಿ ಬೀಡಿಯ ಜಾಹೀರಾತು.
"ಒಳಗಿಂದು ಹಾಕಿಲ್ಲೇನು?"
ಇಲ್ಲ ಅಂದೆ.
ಬೆರಳಿಂದ ಹಡಗಿನ ಹೊಟ್ಟೆಯ ಮೇಲೆ, ನೀರಿಗಿಂತ ಕೆಳಗೆ,
ಮಸಿ ಮೆತ್ತಿದ.

ಗಿರಾಕಿ ಅಷ್ಟೊತ್ತಿಂದ ಕಾಯುತ್ತಿದ್ದಳು, ಅರ್ಧ ಸೇರಿಗೆ.
ಬೇರೆ ಹಾಳೆ ತರಲಾ ಅಂದೆ.
"ಬ್ಯಾಡ. ಅದರಾಗೇ ಕಟ್ಟು.
ಎಂದೂ ಖಾಲಿ ಹೋಗಿಲ್ಲ ಅದು."