ಹನ್ನೊಂದನೆಯ ದಿನ

ಲಿಂಗರಾಜಪುರ. ಎರಡನೇ ಮಹಡಿ. ಬಚ್ಚಲ ಮೂಲೆಯಲ್ಲಿ
ಒದ್ದೆ ಟವೆಲು ಸುತ್ತಿಕೊಂಡ ಬಕೆಟ್ಟು.
ಮುಚ್ಚಳ ಸರಿಸಿ ಟಾರ್ಚು ಬಿಟ್ಟೆ:
ಬಿಯರಿನ ಮೇಲೆ ಬಿಳಿ ಪೊರೆ,
ಆರಿದ ಹಾಲಿನ ಕೆನೆಯಂತೆ ಸುಕ್ಕು,
ಅಲ್ಲಲ್ಲಿ ಗುಳ್ಳೆ, ಒಡೆಯಲೊಲ್ಲದ್ದು.

ಚೆಲ್ಲಲು ಕೈ ಬರಲಿಲ್ಲ.
ಕೆಳಗಿನ ಮನೆಯ ಡಲ್ಸಿ ಆಂಟಿಯನ್ನು ಕರೆದೆ,
ಡಿಸೆಂಬರಿಗೆಂದು ಭರಣಿಯಲ್ಲಿ ದ್ರಾಕ್ಷಿ ಹಾಕುವವರು.
ಕನ್ನಡಕ ಮರೆತು ಬಂದರು. ಮೂಗು ಸಾಕು ಎಂದರು.

"ಹಸಿರು ಕೂದಲು ಎದ್ದಿದೆಯಾ?"
ಇಲ್ಲ.
"ಹಾಗಾದರೆ ಬೂಷ್ಟಲ್ಲ. ಯಾರೋ ಅಡ್ವಾನ್ಸು ಕೊಡದೆ
ಬಾಡಿಗೆಗೆ ಬಂದು ಕೂತಿದ್ದಾರೆ."
ಒಂದು ಚಮಚ ನಾಲಗೆಗೆ: ಹುಳಿ,
ನಿನ್ನೆಯ ದೋಸೆಹಿಟ್ಟಿನ ಹುಳಿ.
ಅಲ್ಲಿ ಅದಕ್ಕಾಗಿಯೇ ರಾತ್ರಿಯಿಡೀ ಕಾಯುತ್ತೇವೆ,
ಇಲ್ಲಿ ಅದಕ್ಕೇ ಸೋಂಕು ಎಂದು ಹೆಸರು.

"ಬಾಟಲಿಗೆ ತುಂಬಬೇಡ, ಸಿಡಿದಾವು.
ತಿಂಗಳು ಬಿಡು. ಕೊಳವೆ ಎಸೆ."

ಕೊಳವೆ! ಬೆಳಕಿಗೆ ಹಿಡಿದರೆ
ಒಳಗೆ ಸಣ್ಣ ಕಂದು ಗೆರೆ.
ಕರೆಂಟು ಹೋದ ಆ ರಾತ್ರಿ
ತೊಳೆದೆ ಎಂದು ನನಗೇ ನಾನು ಹೇಳಿಕೊಂಡದ್ದು.

ಮೇ ಬಂತು. ಮಾಗಿತೋ ಕೆಟ್ಟಿತೋ,
ಈಗಲೂ ಹೇಳಲಾರೆ.
ವಿಂದಾಲುಗೆ ಹುಳಿ ಬೇಕೆಂದು ಆಂಟಿ
ಎರಡು ಜಗ್ಗು ಒಯ್ದರು.
ಕೆಳಗಿನ ಕಿಟಕಿಯಿಂದ ವಿಂದಾಲು ವಾಸನೆ
ಇನ್ನೂ ಬಂದಿಲ್ಲ.